ಹೋಗಾ ಎಂಬ ಟಗ್: ಆ ಮೂರು ದಿನ, ಮತ್ತೆ ಉಳಿದ ವರ್ಷಗಳು

ಲಂಗರು:

ಪರ್ಲ್ ಹಾರ್ಬರ್, ಅಂದ್ರೆ 1941ರ ಡಿಸೆಂಬರ್‌ನಲ್ಲಿ ಜಪಾನ್ ದಾಳಿ ಮಾಡಿದ ಹವಾಯಿಯ ಅಮೆರಿಕನ್ ನೌಕಾನೆಲೆ. ಆ ಹೆಸರು ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಅರಿಜೋನಾ, ಒಕ್ಲಹೋಮಾ, ನೆವಾಡಾ ಎಂಬ ಯುದ್ಧನೌಕೆಗಳು. ಆ ದೈತ್ಯ ಹಡಗುಗಳ ಮಧ್ಯೆ ಅವತ್ತು ಓಡಾಡಿದ ಒಂದು ಟಗ್ ಬಗ್ಗೆ ಇಲ್ಲಿ ಮಾತಾಡೋಣ. ಹೆಸರು ಹೋಗಾ. ನಂಬರ್ ವೈಟಿ-146, ವೈಟಿ ಅಂದ್ರೆ ಬಂದರಿನ ಟಗ್.

ಮೊದಲು ಅದರ ಜಾತಕ. ಕಟ್ಟಿದ್ದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಕನ್ಸಾಲಿಡೇಟೆಡ್ ಶಿಪ್‌ಬಿಲ್ಡಿಂಗ್ ಎಂಬ ಕಂಪನಿ. ನೀರಿಗಿಳಿದದ್ದು 1940ರ ಡಿಸೆಂಬರ್ 31ಕ್ಕೆ. ಸೇವೆಗೆ ಸೇರಿದ್ದು 1941ರ ಮೇ ತಿಂಗಳಲ್ಲಿ. ಉದ್ದ 100 ಅಡಿ, ಅಗಲ ಸುಮಾರು 25 ಅಡಿ. ಪನಾಮಾ ಕಾಲುವೆ ದಾಟಿ, ಕ್ಯಾಲಿಫೋರ್ನಿಯಾ ಮುಟ್ಟಿ, ಹವಾಯಿಗೆ ಬಂತು. ಕೆಲಸ ಏನು ಅಂದ್ರೆ ದೊಡ್ಡ ಹಡಗುಗಳನ್ನು ಧಕ್ಕೆಗೆ ತಳ್ಳುವುದು, ಧಕ್ಕೆಯಿಂದ ಎಳೆಯುವುದು, ಬಾರ್ಜ್ (ಚಪ್ಪಟೆ ತಳದ ಸರಕು ದೋಣಿ) ಸಾಗಿಸುವುದು, ಬೆಂಕಿ ಬಿದ್ದರೆ ನೀರು ಹಾಕುವುದು.

ಡಿಸೆಂಬರ್ 7ರ ಬೆಳಿಗ್ಗೆ ಅದು 1010 ಧಕ್ಕೆಯ ಹತ್ತಿರ ಕಟ್ಟಿಕೊಂಡಿತ್ತು. ಈ ಧಕ್ಕೆಯ ಉದ್ದವೇ 1,010 ಅಡಿ, ಹಾಗಾಗಿ ಆ ಹೆಸರು. ಮೊದಲ ಬಾಂಬು ಬಿದ್ದ ಹತ್ತು ನಿಮಿಷದೊಳಗೆ ಹೋಗಾ ಹಗ್ಗ ಬಿಚ್ಚಿ ಹೊರಟಿತ್ತು. ಟಗ್‌ನ ಹೊಣೆ ಹೊತ್ತಿದ್ದವರು ಜೋ ಮೆಕ್‌ಮಾನಸ್, ಮುಖ್ಯ ಬೋಸನ್, ಅಂದ್ರೆ ಡೆಕ್ ಕೆಲಸದ ಮೇಲ್ವಿಚಾರಕರ ದರ್ಜೆಯವರು. ಜೊತೆಗೆ ಒಂದು ಹಿಡಿ ಜನ, ಅಷ್ಟೇ.

ಮೊದಲು ನೀರಿನಲ್ಲಿದ್ದ ಇಬ್ಬರನ್ನು ಮೇಲೆತ್ತಿದರು. ಆಮೇಲೆ ಅರಿಜೋನಾದ ಪಕ್ಕಕ್ಕೆ ಕಟ್ಟಿಕೊಂಡಿದ್ದ ರಿಪೇರಿ ಹಡಗು ವೆಸ್ಟಲ್ ಅನ್ನು ಉರಿಯಿಂದ ಆಚೆ ಎಳೆದರು. ನಂತರ ಸಮುದ್ರದಲ್ಲಿ ಮೈನ್ (ಸಿಡಿಗುಂಡು) ಹಾಕುವ ಹಡಗು ಓಗ್ಲಾಲಾ, ಆಮೇಲೆ ನೆವಾಡಾ. ಅದಾದ ಮೇಲೆ ಯುದ್ಧನೌಕೆಗಳ ಸಾಲಿನಲ್ಲಿ ಬೆಂಕಿ ಆರಿಸುವ ಕೆಲಸ, ಸತತ 72 ಗಂಟೆ. 1942ರ ಫೆಬ್ರವರಿಯಲ್ಲಿ ಪೆಸಿಫಿಕ್ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ನಿಮಿಟ್ಜ್ ಲಿಖಿತವಾಗಿ ಮೆಚ್ಚುಗೆ ಹೇಳಿದರು.

ಇಷ್ಟು ಎಲ್ಲ ಕಡೆ ಸಿಗುತ್ತದೆ. ಇದರ ಆಚೆಗಿನದ್ದು ಗೊತ್ತಿರುವವರು ಹೇಳಿ.

ಕಡತದ ಹುಳು:

ಒಳ್ಳೇ ವಿಷಯ ಎತ್ತಿದಿರಿ. ಒಂದು ಸಣ್ಣ ತಕರಾರು, ನಿಮ್ಮ ಮೇಲಲ್ಲ, ಬೇರೆ ಕಡೆ ಬರೆಯುವವರ ಮೇಲೆ. ಹೋಗಾ ಹೆಸರಿನ ಮೊದಲಿಗೆ ಯುಎಸ್‌ಎಸ್ (ಯುನೈಟೆಡ್ ಸ್ಟೇಟ್ಸ್ ಶಿಪ್) ಅಂತ ಅಂಟಿಸುತ್ತಾರೆ. ಅದು ಸರಿಯಲ್ಲ. ಯುಎಸ್‌ಎಸ್ ಅನ್ನಬೇಕಾದರೆ ಹಡಗು ಕಮಿಷನ್ ಆಗಬೇಕು, ಅಂದ್ರೆ ವಿಧಿವತ್ತಾಗಿ ನೌಕಾಪಡೆಯ ಹಡಗು ಅಂತ ನೇಮಕ ಆಗಬೇಕು. ಬಂದರಿನ ಟಗ್‌ಗಳಿಗೆ ಆ ಮರ್ಯಾದೆ ಇರಲಿಲ್ಲ. 'ಸೇವೆಯಲ್ಲಿದೆ' ಅಂತ ಬರೆದುಕೊಳ್ಳುತ್ತಿದ್ದರು, ಅಷ್ಟೇ.

ಇದು ಸುಮ್ನೆ ಕಾಗದದ ವಿಷಯ ಅನ್ನಿಸಬಹುದು. ಆದರೆ ಪರಿಣಾಮ ದೊಡ್ಡದು. ಕಮಿಷನ್ ಆದ ಹಡಗಿಗೆ ಕಮಾಂಡಿಂಗ್ ಆಫೀಸರ್ ಇರುತ್ತಾನೆ, ಯುದ್ಧದ ದಿನಚರಿ ಇರುತ್ತದೆ, ದಾಳಿ ಆದರೆ ಅವನು ವರದಿ ಬರೆದು ಕಳಿಸುತ್ತಾನೆ. ಪರ್ಲ್ ಹಾರ್ಬರ್ ದಾಳಿಯ ಬಗ್ಗೆ ಯುದ್ಧನೌಕೆಗಳು ಕಳಿಸಿದ ವರದಿಗಳನ್ನು ನೋಡಿ. ಎಷ್ಟು ಗಂಟೆಗೆ ಯಾವ ತೋಪು ಹಾರಿಸಿದೆವು ಅಂತ ನಿಮಿಷ ನಿಮಿಷದ ಲೆಕ್ಕ ಇದೆ. ಟಗ್‌ಗಳು ಅಲ್ಲಿ ಬರುವುದು ಬೇರೆಯವರ ವರದಿಯಲ್ಲಿ, ಅದೂ 'ಒಂದು ಟಗ್ ಬಂದು ಎಳೆಯಿತು' ಅಂತ. ಹೆಸರೂ ಇರುವುದಿಲ್ಲ. ಬಂದರಿನ ಟಗ್ ಒಂದರ ಚರಿತ್ರೆ ಹುಡುಕಬೇಕು ಅಂದ್ರೆ ಅದು ಸಹಾಯ ಮಾಡಿದ ಹಡಗುಗಳ ಕಡತಗಳನ್ನೆಲ್ಲ ಓದಬೇಕು. ಹೋಗಾದ ಪುಣ್ಯ, ನಿಮಿಟ್ಜ್ ಅವರ ಪತ್ರ ಇತ್ತು. ಉಳಿದ ಟಗ್‌ಗಳಿಗೆ ಅದೂ ಇಲ್ಲ.

ಇನ್ನೊಂದು: ವೈಟಿ ಅನ್ನುವುದು ಆಗಿನ ಎಲ್ಲ ಬಂದರು ಟಗ್‌ಗಳಿಗೂ ಒಂದೇ. 1944ರಲ್ಲಿ ಅದನ್ನು ಮೂರು ಮಾಡಿದರು. ದೊಡ್ಡದು ವೈಟಿಬಿ, ಮಧ್ಯಮ ವೈಟಿಎಂ, ಚಿಕ್ಕದು ವೈಟಿಎಲ್. ಹೋಗಾ ಆಗ ವೈಟಿಬಿ-146 ಆಯಿತು. ಹಳೇ ಕಾಗದದಲ್ಲಿ ಎರಡೂ ಸಿಗುತ್ತವೆ, ಎರಡು ಬೇರೆ ಟಗ್ ಅಂದುಕೊಳ್ಳಬೇಡಿ.

ಸಂಶಯ ಸ್ವಾಮಿ:

ನೆವಾಡಾ 583 ಅಡಿ ಉದ್ದ. ತೂಕ ಸುಮಾರು 30,000 ಟನ್. ಹೋಗಾ ಮುನ್ನೂರು ಚಿಲ್ಲರೆ ಟನ್. ಇಷ್ಟು ಪುಟ್ಟ ಟಗ್ ಅಷ್ಟು ದೊಡ್ಡ ಹಡಗನ್ನು ಕಾಪಾಡಿತು ಅನ್ನುವುದರಲ್ಲಿ ಸ್ವಲ್ಪ ಜಾಸ್ತಿ ಮಸಾಲೆ ಇದೆ ಅಲ್ವಾ? ಈಗ ಅದನ್ನು ಇಟ್ಟುಕೊಂಡಿರುವ ಮ್ಯೂಸಿಯಂನವರು ಟಿಕೆಟ್ ಮಾರಲು ಕಟ್ಟಿದ ಕಥೆ ಅಂತ ನನ್ನ ಅನುಮಾನ.

ಹಗ್ಗದ ಗಂಟು:

ಬಂದರಿನ ಟಗ್‌ಗಳ ಡೆಕ್ ಮೇಲೆ ವರ್ಷಗಟ್ಟಲೆ ದುಡಿದವನು ನಾನು. ತೂಕ ನೋಡಿ ಟಗ್ ಅಳೆಯಬೇಡಿ. ತೇಲುತ್ತಿರುವ ಹಡಗಿನ ಭಾರ ಹೊರುವುದು ನೀರು, ಟಗ್ ಅಲ್ಲ. ನಿಧಾನವಾಗಿ ಸರಿಸುವಾಗ ನೀರು ಒಡ್ಡುವ ತಡೆ ತೀರಾ ಕಮ್ಮಿ. ಗಾಳಿ ಇಲ್ಲದಿದ್ದರೆ ಒಂದೇ ಟಗ್ ಎಷ್ಟು ದೊಡ್ಡ ಹಡಗನ್ನಾದರೂ ಅಲುಗಾಡಿಸುತ್ತದೆ. ಕಷ್ಟ ಇರುವುದು ಸರಿಸುವುದರಲ್ಲಿ ಅಲ್ಲ, ಸರಿಯಾದ ಜಾಗದಲ್ಲಿ ನಿಲ್ಲಿಸುವುದರಲ್ಲಿ.

ಇನ್ನು ನೆವಾಡಾದ ವಿಷಯ. ಅವತ್ತು ಯುದ್ಧನೌಕೆಗಳ ಪೈಕಿ ಹೊರಟದ್ದು ಅದೊಂದೇ. ಸಾಮಾನ್ಯವಾಗಿ ಅಂಥ ಹಡಗು ಧಕ್ಕೆ ಬಿಡಬೇಕಾದರೆ ಹಲವು ಟಗ್ ಬೇಕು, ಉಗಿ ಏರಿಸಲು ಗಂಟೆಗಟ್ಟಲೆ ಬೇಕು. ಅದು ಟಗ್ ಇಲ್ಲದೆ, ಟಾರ್ಪೆಡೊ ತಿಂದ ಮೇಲೆ ಹೊರಟಿತು. ಎರಡನೇ ಅಲೆಯ ವಿಮಾನಗಳು ಅದರ ಮೇಲೇ ಮುಗಿಬಿದ್ದವು. ಬಂದರಿಗೆ ಇರುವುದು ಒಂದೇ ಬಾಗಿಲು, ಆ ಕಿರಿದಾದ ಕಾಲುವೆ. ಅಲ್ಲಿ ನೆವಾಡಾ ಮುಳುಗಿದರೆ ಒಳಗಿದ್ದವು ಒಳಗೆ, ಹೊರಗಿದ್ದವು ಹೊರಗೆ. ಅದಕ್ಕೇ ಹಾಸ್ಪಿಟಲ್ ಪಾಯಿಂಟ್ ಹತ್ತಿರ ದಡಕ್ಕೆ ಹತ್ತಿಸಿದರು. ಆದರೆ ಹಿಂಬದಿ ಇನ್ನೂ ನೀರಿನಲ್ಲಿ. ಅಲ್ಲಿಂದ ಜಾರಿ ಕಾಲುವೆಗೆ ಅಡ್ಡ ಬೀಳುವ ಭಯ.

ಅಲ್ಲಿ ಬಂತು ಹೋಗಾ. ನೆವಾಡಾ ಪೂರ್ತಿ ನೆಲಕ್ಕೆ ಕೂತಿರಲಿಲ್ಲ, ಮೂತಿ ಮಾತ್ರ ಸಿಕ್ಕಿಕೊಂಡಿತ್ತು ಅನ್ನುವುದನ್ನು ಮರೆಯಬೇಡಿ. ಅದನ್ನು ಬಿಡಿಸಿ, ಕಾಲುವೆಯ ಆಚೆ ಬದಿಗೆ, ವೈಪಿಯೋ ಪಾಯಿಂಟಿಗೆ ಒಯ್ದು ಕೂರಿಸಿದರು. ಒಬ್ಬರೇ ಮಾಡಿದ್ದಲ್ಲ. ಅವೊಸೆಟ್ ಎಂಬ ಇನ್ನೊಂದು ಸಣ್ಣ ಹಡಗೂ ಇತ್ತು. ಜೊತೆಗೆ ನೆವಾಡಾದ ಮುಂಭಾಗ ಉರಿಯುತ್ತಿತ್ತು. ತಳ್ಳುವುದೂ ನೀರು ಹೊಡೆಯುವುದೂ ಒಟ್ಟಿಗೇ ಆಗಬೇಕು. ಸ್ವಾಮಿಗಳೇ, ಮಸಾಲೆ ಬೇಕಿಲ್ಲ ಇದಕ್ಕೆ.

ಇಂಜಿನ್ ರೂಮ್:

ಅಂಥ ಹೊತ್ತಲ್ಲಿ ಟಗ್ ಅಷ್ಟು ಚುರುಕಾಗಿ ಹಿಂದೆ ಮುಂದೆ ಆಡಿದ್ದು ಹೇಗೆ ಅನ್ನುವುದನ್ನು ನಾನು ಹೇಳುತ್ತೇನೆ. ಈ ಭಾಗ ನನಗೆ ಇಷ್ಟ, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ಹೋಗಾ ಡೀಸೆಲ್-ಎಲೆಕ್ಟ್ರಿಕ್. ಎರಡು ಡೀಸೆಲ್ ಇಂಜಿನ್, ಅವು ಜನರೇಟರ್ ತಿರುಗಿಸುತ್ತವೆ. ಆ ಕರೆಂಟಿನಿಂದ ಮೋಟಾರ್ ಓಡುತ್ತದೆ, ಮೋಟಾರ್ ಪ್ರೊಪೆಲ್ಲರ್ ತಿರುಗಿಸುತ್ತದೆ. ಪ್ರೊಪೆಲ್ಲರ್ ಒಂದೇ. ಇಂಜಿನ್ನಿಗೂ ಪ್ರೊಪೆಲ್ಲರಿಗೂ ನೇರ ಸಂಬಂಧವೇ ಇಲ್ಲ.

ಆ ಕಾಲದ ಮಾಮೂಲಿ ಡೀಸೆಲ್ ಟಗ್‌ನಲ್ಲಿ ಹಾಗಲ್ಲ. ಇಂಜಿನ್ ಪ್ರೊಪೆಲ್ಲರಿನ ಶಾಫ್ಟಿಗೇ (ದಂಡಕ್ಕೇ) ಜೋಡಿಸಿರುತ್ತದೆ. ಹಿಂದಕ್ಕೆ ಹೋಗಬೇಕು ಅಂದ್ರೆ ಇಂಜಿನ್ ಪೂರ್ತಿ ನಿಲ್ಲಿಸಬೇಕು. ಇಂಜಿನ್ನಿನ ಕವಾಟ ತೆರೆದು ಮುಚ್ಚುವ ಕ್ಯಾಮ್ ಶಾಫ್ಟ್ ಸರಿಸಬೇಕು. ಮತ್ತೆ ಸಿಲಿಂಡರಿಗೆ ಒತ್ತಡದ ಗಾಳಿ ಬಿಟ್ಟು ಉಲ್ಟಾ ದಿಕ್ಕಿಗೆ ಸ್ಟಾರ್ಟ್ ಮಾಡಬೇಕು. ಮೇಲಿಂದ ಗಂಟೆ ಬಾರಿಸಿ ಮುಂದೆ, ಹಿಂದೆ, ನಿಲ್ಲು, ಮತ್ತೆ ಮುಂದೆ ಅಂತ ಕೇಳುತ್ತಲೇ ಇರುತ್ತಾರೆ. ಪ್ರತಿ ಸಲಕ್ಕೂ ಗಾಳಿ ಖರ್ಚು. ಟ್ಯಾಂಕಿನ ಗಾಳಿ ಮುಗಿದರೆ ಟಗ್ ಸತ್ತ ಹಾಗೇ, ದೊಡ್ಡ ಹಡಗಿನ ಪಕ್ಕದಲ್ಲಿ, ಹಗ್ಗ ಬಿಗಿದಿರುವಾಗ. ಇಂಥ ಟಗ್ ಒಂದರಲ್ಲಿ ನಾನಿದ್ದಾಗ ಗೇಜಿನ ಮುಳ್ಳು ಇಳಿಯುವುದನ್ನು ನೋಡುತ್ತಾ ಕೂತಿದ್ದೆ. ಕಂಪ್ರೆಸರ್ ಕೈಕೊಟ್ಟಿತ್ತು. ಮೇಲಿದ್ದವರಿಗೆ ಕೂಗಿ ಹೇಳಿದೆವು, ಇನ್ನು ಎರಡೇ ಸ್ಟಾರ್ಟ್ ಉಳಿದಿದೆ ಅಂತ. ಅವರು ಕೆಟ್ಟದಾಗಿ ಬೈದರು. ಆದರೆ ಹಗ್ಗ ಬಿಟ್ಟರು.

ಡೀಸೆಲ್-ಎಲೆಕ್ಟ್ರಿಕ್‌ನಲ್ಲಿ ಆ ಗೋಳಿಲ್ಲ. ಇಂಜಿನ್ ಒಂದೇ ದಿಕ್ಕಿಗೆ ತನ್ನ ಪಾಡಿಗೆ ತಿರುಗುತ್ತಿರುತ್ತದೆ. ಕರೆಂಟಿನ ದಿಕ್ಕು ಬದಲಿಸಿದರೆ ಮೋಟಾರ್ ಉಲ್ಟಾ. ನಿಧಾನದ ವೇಗದಲ್ಲೂ ಪೂರ್ತಿ ಬಲ ಸಿಗುತ್ತದೆ, ಟಗ್‌ಗೆ ಬೇಕಿರುವುದೇ ಅದು. ಓಟ ಯಾರಿಗೆ ಬೇಕು?

ಭಾನುವಾರ ಬೆಳಿಗ್ಗೆ ಹತ್ತು ನಿಮಿಷದಲ್ಲಿ ಹೊರಟರು ಅನ್ನುವುದೂ ಇದರಿಂದಲೇ. ಉಗಿಯ ಟಗ್ ಆಗಿದ್ದು ಬಾಯ್ಲರ್ ತಣ್ಣಗಿದ್ದಿದ್ದರೆ ಅವರು ಧಕ್ಕೆಯಲ್ಲೇ ನಿಂತು ನೋಡಬೇಕಿತ್ತು.

ಸಂಶಯ ಸ್ವಾಮಿ:

ಸರಿ, ಇದು ಒಪ್ಪುವ ಮಾತು. 72 ಗಂಟೆ ಅನ್ನುವುದು? ಬೆಂಕಿ ಅಷ್ಟು ಹೊತ್ತು ಉರಿಯಲು ಏನಿತ್ತು ಅಲ್ಲಿ?

ನೀರಿನ ಗನ್ನು:

ಎಣ್ಣೆ. ಯುದ್ಧನೌಕೆಗಳ ಬಾಯ್ಲರಿಗೆ ಹಾಕುವ ದಪ್ಪ ಎಣ್ಣೆ, ಹಡಗು ಸೀಳಿ ಹೊರಬಂದು ನೀರಿನ ಮೇಲೆ ಹರಡಿತ್ತು. ನೀರಿನ ಮೇಲೆ ತೇಲುತ್ತಾ ಉರಿಯುವ ಬೆಂಕಿಗೆ ಗಡಿ ಇಲ್ಲ. ಗಾಳಿ ಯಾವ ಕಡೆ ಬೀಸುತ್ತದೋ ಆ ಕಡೆ ಹೋಗುತ್ತದೆ. ಕ್ಯಾಲಿಫೋರ್ನಿಯಾ ಹಡಗಿನ ಜನ ಒಂದು ಹಂತದಲ್ಲಿ ಹಡಗು ಬಿಟ್ಟು ಇಳಿದದ್ದು ಇಂಥ ಉರಿಯುವ ಎಣ್ಣೆ ತಮ್ಮ ಕಡೆ ತೇಲಿ ಬಂತು ಅಂತ. ಟೆನೆಸ್ಸೀ ಹಡಗಿನವರು ಒಂದು ಉಪಾಯ ಮಾಡಿದರು. ಅದು ವೆಸ್ಟ್ ವರ್ಜೀನಿಯಾ ಮತ್ತು ಧಕ್ಕೆಯ ಕಂಬಗಳ ಮಧ್ಯೆ ಸಿಕ್ಕಿಕೊಂಡು ಅಲುಗಾಡುವ ಹಾಗಿರಲಿಲ್ಲ. ಆದರೂ ಪ್ರೊಪೆಲ್ಲರ್ ತಿರುಗಿಸುತ್ತಲೇ ಇದ್ದರು. ಆ ನೀರಿನ ನೂಕಿಗೆ ಅರಿಜೋನಾದಿಂದ ಬರುತ್ತಿದ್ದ ಉರಿ ಹಿಂದೆ ಸರಿಯಲಿ ಅಂತ.

ಅರಿಜೋನಾ ಎರಡು ದಿನಕ್ಕೂ ಮೀರಿ ಉರಿಯಿತು. 1,177 ಜನ ಸತ್ತ ಹಡಗು ಅದು. ಹಾಗಾಗಿ 72 ಗಂಟೆ ಅನ್ನುವುದು ಉತ್ಪ್ರೇಕ್ಷೆ ಅಲ್ಲ.

ಬೆಂಕಿ ಆರಿಸುವ ಇಲಾಖೆಯಲ್ಲಿದ್ದವನಾಗಿ ಒಂದು ಮಾತು ಸೇರಿಸುತ್ತೇನೆ. ಹಡಗಿನ ಬೆಂಕಿಗೆ ನೀರು ಹಾಕುವುದು ಎರಡು ಅಲಗಿನ ಕತ್ತಿ. ಸಾವಿರ ಲೀಟರ್ ನೀರು ಅಂದ್ರೆ ಒಂದು ಟನ್. ನಿಮಿಷಕ್ಕೆ 15,000 ಲೀಟರ್ ಎಸೆಯುವ ಪಂಪು ಇದ್ದರೆ ಹಡಗಿಗೆ ನಿಮಿಷಕ್ಕೆ 15 ಟನ್ ಹೇರಿದ ಹಾಗೆ. ಅದೂ ಮೇಲಿನ ಡೆಕ್‌ಗಳಲ್ಲಿ ನಿಂತರೆ ಹಡಗು ಮಗುಚುತ್ತದೆ. ಪರ್ಲ್ ಹಾರ್ಬರ್ ಆಗಿ ಎರಡು ತಿಂಗಳಿಗೆ, 1942ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಇದೇ ಆಯಿತು. ನಾರ್ಮಂಡಿ ಎಂಬ ಫ್ರೆಂಚ್ ಪ್ರಯಾಣಿಕರ ಹಡಗನ್ನು ಸೈನಿಕರ ಹಡಗಾಗಿ ಬದಲಿಸುತ್ತಿದ್ದರು. ವೆಲ್ಡಿಂಗ್ ಕಿಡಿಗೆ ಬೆಂಕಿ ಹತ್ತಿತು. ಆರಿಸಲು ನೀರು ಹಾಕಿದರು, ಹಾಕಿದರು, ಹಾಕಿದರು. ಬೆಂಕಿ ಆರಿತು. ರಾತ್ರಿ ಕಳೆಯುವಷ್ಟರಲ್ಲಿ ಹಡಗು ಧಕ್ಕೆಯಲ್ಲೇ ಪಕ್ಕಕ್ಕೆ ಮಲಗಿತು. ಮತ್ತೆ ಎದ್ದು ಕೆಲಸಕ್ಕೆ ಬರಲೇ ಇಲ್ಲ.

ನೆವಾಡಾದಲ್ಲಿ ಆ ಭಯ ಕಮ್ಮಿ, ಯಾಕಂದ್ರೆ ಕೊನೆಗೆ ನೆಲದ ಮೇಲೆ ಕೂತಿತ್ತು. 1942ರಲ್ಲೇ ಎತ್ತಿದರು. ರಿಪೇರಿ ಆಗಿ 1944ರಲ್ಲಿ ನಾರ್ಮಂಡಿ ಕರಾವಳಿಯ ಮೇಲೆ ಅದೇ ಹಡಗು ತೋಪು ಹಾರಿಸಿತು. ಈ ನಾರ್ಮಂಡಿ ಬೇರೆ, ಫ್ರಾನ್ಸಿನ ಕರಾವಳಿ, ಗೊಂದಲ ಬೇಡ.

ಹಗ್ಗದ ಗಂಟು:

ವೆಸ್ಟಲ್ ಬಗ್ಗೆ ಯಾರೂ ಹೆಚ್ಚು ಹೇಳಲಿಲ್ಲ. ಅದರ ಕ್ಯಾಪ್ಟನ್ ಕ್ಯಾಸಿನ್ ಯಂಗ್. ಅರಿಜೋನಾ ಸಿಡಿದಾಗ ಆ ರಭಸಕ್ಕೆ ಅವರು ಡೆಕ್ ಮೇಲಿಂದ ನೀರಿಗೆ ಬಿದ್ದರು. ಈಜಿ ಬಂದು ಹಡಗು ಹತ್ತಿದರೆ ಜನ ಹಡಗು ಬಿಟ್ಟು ಇಳಿಯುತ್ತಿದ್ದಾರೆ. ಎಲ್ಲರನ್ನೂ ವಾಪಸ್ ಕಳಿಸಿ, ಹಗ್ಗ ಕಡಿಸಿದರು. ಟಗ್ ಮೂತಿ ಹಿಡಿದು ಎಳೆಯಿತು. ಆಮೇಲೆ ವೆಸ್ಟಲ್ ತಾನೇ ಸಾಗಿ ಬಂದರಿನ ಐಯೇಯಾ ಎಂಬ ಜಾಗದ ಬಳಿಯ ಕೆಸರಿಗೆ ಏರಿ ಕೂತಿತು.

ನನ್ನಂಥವನಿಗೆ ಇದರಲ್ಲಿ ಕಾಣುವುದು ಬೇರೆ. ಟಗ್‌ನಿಂದ ಹಗ್ಗ ಎಸೆದಾಗ ಆ ಕಡೆ ಹಿಡಿದುಕೊಳ್ಳಲು ಜನ ಬೇಕು. ಉರಿಯುವ ಅರಿಜೋನಾದ ಪಕ್ಕದಲ್ಲಿ, ವೆಸ್ಟಲ್ ಡೆಕ್ ಮೇಲೆ ನಿಂತು ಯಾರೋ ಆ ಹಗ್ಗ ಹಿಡಿದು ಬೊಲಾರ್ಡಿಗೆ (ಹಗ್ಗ ಕಟ್ಟುವ ಗೂಟಕ್ಕೆ) ಸುತ್ತಿದ್ದಾರೆ. ಆಗಿನದ್ದು ಮನಿಲಾ ಎಂಬ ನಾರಿನ ಹಗ್ಗ, ನೆನೆದರೆ ಭಾರ, ಒಣಗಿದ್ದರೆ ಕಿಡಿಗೆ ಹೊತ್ತಿಕೊಳ್ಳುತ್ತದೆ. ಬಿಗಿ ಬಂದಾಗ ಮೊದಲು ನೀರು ಹಿಂಡಿದ ಹಾಗೆ ಹನಿ ಹನಿ ಹಾರುತ್ತದೆ, ಆಮೇಲೆ ಕಿರುಗುಟ್ಟುತ್ತದೆ. ಆ ಕಿರುಗು ಕೇಳಿದರೆ ಅದರ ನೇರಕ್ಕೆ ನಿಲ್ಲಬಾರದು. ಕಡಿದ ಹಗ್ಗ ಹಿಂದಕ್ಕೆ ಬೀಸಿ ಬರುವುದು ಕಣ್ಣಿಗೆ ಕಾಣುವುದೇ ಇಲ್ಲ.

ಟಗ್‌ನ ದೊಡ್ಡ ಶತ್ರು ಇನ್ನೊಂದು ಇದೆ. ಎಳೆಯುವ ಹಗ್ಗ ಹಿಂದಕ್ಕೆ ಇರುವ ಬದಲು ಪಕ್ಕಕ್ಕೆ ಬಂದರೆ, ಹಡಗು ತನ್ನ ಪಾಡಿಗೆ ಓಡುತ್ತಿದ್ದರೆ, ಟಗ್ ಪಕ್ಕಕ್ಕೇ ಎಳೆಸಿಕೊಂಡು ಮಗುಚುತ್ತದೆ. ಹಗ್ಗ ಬಿಚ್ಚಲು ಪುರುಸೊತ್ತೂ ಸಿಗುವುದಿಲ್ಲ. ಇವತ್ತಿಗೂ ಟಗ್‌ನವರು ಹೆಚ್ಚು ಸಾಯುವ ದಾರಿಗಳಲ್ಲಿ ಇದೊಂದು. ಅವತ್ತು ಹೊಗೆಯಲ್ಲಿ, ಬಾಂಬುಗಳ ಮಧ್ಯೆ, ಒಂದರ ಹಿಂದೆ ಒಂದು ಹಡಗಿಗೆ ಹಗ್ಗ ಕೊಟ್ಟು ಬಿಡಿಸಿಕೊಂಡು ಬಂದದ್ದನ್ನು ನಾನು ಮೆಚ್ಚುವುದು ಇದಕ್ಕೆ.

ಉಪ್ಪುಗಾಳಿ:

ಎಲ್ಲರೂ ಮೂರು ದಿನದ ಸುತ್ತಲೇ ಸುತ್ತುತ್ತಿದ್ದೀರಿ. ಹೋಗಾ ನೌಕಾಪಡೆಯಲ್ಲಿ ದುಡಿದದ್ದು ಸುಮಾರು ಏಳು ವರ್ಷ. ಓಕ್ಲೆಂಡ್ ನಗರಕ್ಕೆ ದುಡಿದದ್ದು ನಲವತ್ತಕ್ಕೂ ಜಾಸ್ತಿ. ಅದರ ಬಗ್ಗೆ ಒಂದು ಸಾಲೂ ಇಲ್ಲ ಇಲ್ಲಿ!

1948ರಲ್ಲಿ ನೌಕಾಪಡೆ ಅದನ್ನು ಕ್ಯಾಲಿಫೋರ್ನಿಯಾದ ಓಕ್ಲೆಂಡಿಗೆ ಎರವಲು ಕೊಟ್ಟಿತು, ಬೆಂಕಿ ಆರಿಸುವ ದೋಣಿಯಾಗಿ. ಮೊದಲು ಪೋರ್ಟ್ ಆಫ್ ಓಕ್ಲೆಂಡ್ ಅಂತ ಹೆಸರು, ಆಮೇಲೆ ಸಿಟಿ ಆಫ್ ಓಕ್ಲೆಂಡ್. ಪಂಪು ಬದಲಿಸಿದರು, ನೀರು ಎಸೆಯುವ ಮಾನಿಟರ್ ಹೆಚ್ಚಿಸಿದರು. ಹಡಗಿನ ಬೆಂಕಿ, ಧಕ್ಕೆಯ ಗೋದಾಮಿನ ಬೆಂಕಿ, ನೀರಿಗೆ ಬಿದ್ದವರು, ಎಲ್ಲಕ್ಕೂ ಇದೇ. ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರನ್ನು ಕೂರಿಸಿಕೊಂಡು ಬಂದರಿನ ತುಂಬ ಸುತ್ತಿಸಿದ್ದೂ ಇದೇ ದೋಣಿ.

ಅಷ್ಟು ವರ್ಷ ದಿನಾ ಇಂಜಿನ್ ಒರೆಸಿ, ಪಂಪು ಓಡಿಸಿ ನೋಡಿ, ಹಲ್‌ಗೆ (ಹಡಗಿನ ಹೊರಮೈಗೆ) ಬಣ್ಣ ಬಳಿದು ಇಟ್ಟುಕೊಂಡವರು ಓಕ್ಲೆಂಡಿನ ಅಗ್ನಿಶಾಮಕರು. ಅವರು ಇಲ್ಲದಿದ್ದರೆ ಇವತ್ತು ಮಾತಾಡಲು ಹೋಗಾ ಎಲ್ಲಿರುತ್ತಿತ್ತು? ಯುದ್ಧ ಮುಗಿದ ಮೇಲೆ ನೌಕಾಪಡೆ ಟಗ್‌ಗಳನ್ನು ಏನು ಮಾಡಿತು ಅಂತ ನೋಡಿ. ಮಾರಿದರು, ಒಡೆದರು. ಅದರ ಸೋದರಿ ನೊಕೊಮಿಸ್ ಕೂಡ ಪರ್ಲ್ ಹಾರ್ಬರ್‌ನಲ್ಲಿದ್ದ ಟಗ್ಗೇ. ಉಳಿಸಲು ಕೆಲವರು ಒದ್ದಾಡಿದರು. ಕೊನೆಗೆ ಗುಜರಿಗೆ ಹೋಯಿತು.

1989ರಲ್ಲಿ ಹೋಗಾವನ್ನು ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಅಂತ ಘೋಷಿಸಿದರು. ಆಗಲೂ ಅದು ಓಕ್ಲೆಂಡಿನಲ್ಲಿ ಕೆಲಸದಲ್ಲೇ ಇತ್ತು. ಘೋಷಣೆಗೆ ಕಾರಣ 1941.

ಕಡತದ ಹುಳು:

ಉಪ್ಪುಗಾಳಿ ಹೇಳಿದ್ದು ನಿಜ. ಮುಂದಿನದ್ದನ್ನೂ ಸೇರಿಸಿಬಿಡುತ್ತೇನೆ. 1990ರ ದಶಕದಲ್ಲಿ ಓಕ್ಲೆಂಡ್ ಅದನ್ನು ನೌಕಾಪಡೆಗೆ ವಾಪಸ್ ಕೊಟ್ಟಿತು. ಸುಯಿಸನ್ ಕೊಲ್ಲಿಯಲ್ಲಿ ಹಳೇ ಹಡಗುಗಳ ಸಾಲಿನಲ್ಲಿ ಕಟ್ಟಿಹಾಕಿದರು. 2005ರಲ್ಲಿ ಅರ್ಕನ್ಸಾ ರಾಜ್ಯದ ನಾರ್ತ್ ಲಿಟಲ್ ರಾಕ್ ನಗರಕ್ಕೆ ಮ್ಯೂಸಿಯಂನಲ್ಲಿಡಲು ಕೊಟ್ಟರು. ಅಲ್ಲಿಗೆ ತಲುಪಿದ್ದು 2015ರ ನವೆಂಬರ್. ಹತ್ತು ವರ್ಷ! ಹಲ್ ರಿಪೇರಿ ಆಗಬೇಕು, ಅಷ್ಟು ದೂರ ಸಾಗಿಸಬೇಕು, ಅದಕ್ಕೆಲ್ಲ ದುಡ್ಡು ಹೊಂದಿಸಬೇಕು.

ಸಮುದ್ರವೇ ಇಲ್ಲದ ರಾಜ್ಯದಲ್ಲಿ ಟಗ್ ಯಾಕೆ ಅಂತ ಕೇಳಬಹುದು. ಅಲ್ಲಿ ಅರ್ಕನ್ಸಾ ನದಿಯಲ್ಲಿ ರೇಜರ್‌ಬ್ಯಾಕ್ ಎಂಬ ಜಲಾಂತರ್ಗಾಮಿ ಇದೆ. 1945ರ ಸೆಪ್ಟೆಂಬರ್ 2ಕ್ಕೆ ಜಪಾನ್ ಶರಣಾದಾಗ ಅದು ಟೋಕಿಯೋ ಕೊಲ್ಲಿಯಲ್ಲಿತ್ತು. ಅಮೆರಿಕಕ್ಕೆ ಯುದ್ಧ ಶುರುವಾದ ಜಾಗದಲ್ಲಿದ್ದ ಒಂದು, ಮುಗಿದ ಜಾಗದಲ್ಲಿದ್ದ ಒಂದು, ಪಕ್ಕಪಕ್ಕ ಇಡಬೇಕು ಅಂತ ಅವರ ಆಸೆ. ಸ್ವಲ್ಪ ಕೃತಕ ಅನ್ನಿಸಿದರೂ ಟಗ್ ಉಳಿಯಿತಲ್ಲ.

ಸಂಶಯ ಸ್ವಾಮಿ:

ಹಾಗಾದರೆ ಅದನ್ನು ಯಾವ ವರ್ಷದ ರೂಪದಲ್ಲಿ ತೋರಿಸಬೇಕು? 1941ಕ್ಕೆ ತಿರುಗಿಸಿದರೆ ಓಕ್ಲೆಂಡಿನ ಪಂಪು, ಮಾನಿಟರ್ ಎಲ್ಲ ಕಿತ್ತು ಬಿಸಾಡಬೇಕು. ಹಾಗೇ ಬಿಟ್ಟರೆ ನೋಡಲು ಬಂದವರು ಪರ್ಲ್ ಹಾರ್ಬರ್ ಎಲ್ಲಿ ಅಂತ ಕೇಳುತ್ತಾರೆ.

ಉಪ್ಪುಗಾಳಿ:

ಕೇಳಲಿ ಬಿಡಿ. ಕಿತ್ತದ್ದು ಮತ್ತೆ ಬರುವುದಿಲ್ಲ. 1941ರ ಟಗ್ ಬೇಕಾದರೆ ಫೋಟೋ ಹಾಕಿ, ಮಾದರಿ ಮಾಡಿ ಇಡಿ. ನಲವತ್ತು ವರ್ಷ ನಿಜವಾಗಿ ದುಡಿದ ಕಬ್ಬಿಣವನ್ನು ಕಿತ್ತು, ಹಳೇದರ ಹಾಗೆ ಕಾಣುವ ಹೊಸ ಕಬ್ಬಿಣ ಹಾಕುವುದು ನನಗಂತೂ ಒಪ್ಪಿಗೆ ಇಲ್ಲ.

ನೀರಿನ ಗನ್ನು:

ನಾನು ಅಗ್ನಿಶಾಮಕದವನು, ಓಕ್ಲೆಂಡ್ ಪರ ಇರಬೇಕು. ಆದರೂ ಲಂಗರು ಈ ಮಾತು ಶುರು ಮಾಡಿದ್ದು ಪರ್ಲ್ ಹಾರ್ಬರ್‌ನಿಂದ ಅಲ್ವಾ? ಜನರನ್ನು ಹತ್ತಿರ ಕರೆಯುವುದು ಅದೇ. ಹೊರಗೆ ನೌಕಾಪಡೆಯ ಬಣ್ಣ ಇರಲಿ, ಒಳಗೆ ಪಂಪಿನ ಕೋಣೆ ಓಕ್ಲೆಂಡಿನದ್ದೇ ಇರಲಿ. ಎರಡೂ ನಿಜ ತಾನೇ.

ಇಂಜಿನ್ ರೂಮ್:

ಬಣ್ಣದ ಜಗಳ ನಿಮಗೆ. ನನ್ನ ಚಿಂತೆ ನೀರಿನೊಳಗಿನ ಹಲ್‌ದು. ಉಪ್ಪುನೀರಿನಿಂದ ನದಿಗೆ ಬಂದದ್ದು ಒಂದು ರೀತಿ ಒಳ್ಳೆಯದು, ತುಕ್ಕು ನಿಧಾನ. ಆದರೆ ತುಕ್ಕು ತಡೆಯಲು ಹಲ್‌ಗೆ ಹಾಕುವ ಸತುವಿನ ಗಟ್ಟಿ ಸಿಹಿನೀರಿನಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಮೆಗ್ನೀಸಿಯಂ ಹಾಕಬೇಕು. ಇದನ್ನು ಮರೆತು ಹಲ್ ತೂತು ಮಾಡಿಕೊಂಡವರನ್ನು ನಾನು ಕಂಡಿದ್ದೇನೆ. ಮ್ಯೂಸಿಯಂ ಹಡಗುಗಳು ಸಾಯುವುದು ಬಾಂಬಿಗೆ ಅಲ್ಲ, ಬಿಲ್ಜ್‌ನಲ್ಲಿ (ಹಡಗಿನ ಒಳತಳದಲ್ಲಿ) ನಿಂತ ನೀರಿಗೆ.

ಲಂಗರು:

ಇಷ್ಟೆಲ್ಲ ಬರುತ್ತೆ ಅಂದುಕೊಂಡಿರಲಿಲ್ಲ. ಕಡತದ ಹುಳು ಅವರಿಗೆ ಒಂದು ಪ್ರಶ್ನೆ: ಅವತ್ತು ಅಲ್ಲಿದ್ದ ಬೇರೆ ಟಗ್‌ಗಳು? ನೊಕೊಮಿಸ್ ಬಿಟ್ಟು.

ಕಡತದ ಹುಳು:

ಸೊಟೊಯೊಮೊ, ವೈಟಿ-9. ನಂಬರ್ ನೋಡಿದರೇ ಗೊತ್ತಾಗುತ್ತದೆ ಎಷ್ಟು ಹಳೇದು ಅಂತ. ಅದು ಅವತ್ತು ತೇಲುವ ಡ್ರೈಡಾಕ್ (ಹಡಗನ್ನು ನೀರಿನಿಂದೆತ್ತಿ ರಿಪೇರಿ ಮಾಡುವ ಕಟ್ಟೆ) ವೈಎಫ್‌ಡಿ-2ರಲ್ಲಿ ರಿಪೇರಿಗೆ ಕೂತಿತ್ತು. ಜೊತೆಗೆ ಅದೇ ಡಾಕಿನಲ್ಲಿ ಡಿಸ್ಟ್ರಾಯರ್ (ವೇಗದ ಸಣ್ಣ ಯುದ್ಧನೌಕೆ) ಶಾ. ಶಾ ಸಿಡಿಯುವ ಫೋಟೋ ಎಲ್ಲರೂ ನೋಡಿರುತ್ತೀರಿ, ಬೆಂಕಿಯ ಎಳೆಗಳು ಆಕಾಶಕ್ಕೆ ಚಿಮ್ಮಿರುವುದು. ಆ ಫೋಟೋದಲ್ಲಿ ಉರಿಯುತ್ತಿರುವ ಡಾಕಿನಲ್ಲೇ ಸೊಟೊಯೊಮೊ ಕೂಡ ಇದೆ. ಸುಟ್ಟು, ಡಾಕಿನ ಜೊತೆ ಮುಳುಗಿತು. 1942ರಲ್ಲಿ ಮೇಲೆತ್ತಿ, ರಿಪೇರಿ ಮಾಡಿ, ಮತ್ತೆ ಕೆಲಸಕ್ಕೆ ಹಚ್ಚಿದರು. ಕಿಯೊಸಾಂಕ್ವಾ ಎಂಬ ಇನ್ನೊಂದು ಟಗ್ ಬೆಳಿಗ್ಗೆಯೇ ಬಂದರಿನ ಬಾಯಿಯ ಹೊರಗೆ ಹೋಗಿತ್ತು, ಅಂಟಾರೆಸ್ ಹಡಗು ಎಳೆದು ತಂದ ಬಾರ್ಜನ್ನು ತೆಗೆದುಕೊಳ್ಳಲು. ಅದು ಸಮುದ್ರಕ್ಕೂ ಹೋಗುವ ದೊಡ್ಡ ಟಗ್, ಎಟಿ-38. ಹಾಗಾಗಿ ಅದರ ಕಾಗದ ಹುಡುಕುವುದು ವೈಟಿಗಳಿಗಿಂತ ಸುಲಭ. ಯಾರಿಗಾದರೂ ಆಸಕ್ತಿ ಇದ್ದರೆ ಅಂಟಾರೆಸ್ ಮತ್ತು ಅವತ್ತು ಬಂದರಿನ ಬಾಯಿಯಲ್ಲಿ ಕಾವಲಿದ್ದ ಡಿಸ್ಟ್ರಾಯರ್ ವಾರ್ಡ್ ಎರಡರ ವರದಿಯನ್ನೂ ಜೊತೆಗಿಟ್ಟು ಓದಿ.